ಬದುಕಿದ್ದವನ ತಿಥಿ

1943ನೇ ಇಸವಿ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮಹಾರಾಜರ ಸರ್ಕಾರದ ಪೊಲೀಸ್ ಇಲಾಖೆಯಲ್ಲಿ ನಾನು ಆಗ ಶಿರಾದ ಸಬ್‌ಇನ್‌ಸ್ಪೆಕ್ಟರ್. ಪತ್ತೇದಾರಿ ಎಂದರೆ ಕರಿ ಕೋಟು, ಭೂತಗನ್ನಡಿ, ಮಿಂಚಿನಂಥ ಬುದ್ಧಿ ಎಂದುಕೊಂಡವರು ಬಹಳ. ಮಣ್ಣಂಗಟ್ಟಿ! ನನ್ನ ಸರ್ವಿಸಿನ ಅತಿ ದೊಡ್ಡ ಆಸಾಮಿಯ ಸುಳಿವು ನನಗೆ ಸಿಕ್ಕಿದ್ದು ಒಂದು ತಿಥಿಯಲ್ಲಿ.

ಆಸಾಮಿಯ ಹೆಸರು ರಂಗಪ್ಪ. ಹುಲಿಕುಂಟೆ ಕಡೆಯ ಒಕ್ಕಲು ಮನೆಯವನು. ಸೈನ್ಯ ಸೇರಿ, ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕ. ಅವರು ಅವನಿಗೆ ವೈರ್‌ಲೆಸ್ ಕೆಲಸ ಕಲಿಸಿ, ಸಬ್‌ಮೆರೀನಿನಲ್ಲಿ ತಂದು ಕರಾವಳಿಯಲ್ಲಿ ಇಳಿಸಿದರು. ಜೊತೆಗಿದ್ದವರೆಲ್ಲ ಸಿಕ್ಕಿಬಿದ್ದರು. ಇವನು ಮಾತ್ರ ಟ್ರಾನ್ಸ್‌ಮಿಟರ್, ಅಂದರೆ ಸುದ್ದಿ ಕಳಿಸುವ ಯಂತ್ರ, ಹೊತ್ತುಕೊಂಡು ಮಾಯವಾದ. ಅಂಥ ಯಂತ್ರ ಯಾವ ದಿಕ್ಕಿನಲ್ಲಿ ಮಾತಾಡುತ್ತಿದೆ ಎಂದು ಪತ್ತೆ ಮಾಡುವ ಗಾಡಿಯೊಂದು ಮಿಲಿಟರಿಯವರ ಹತ್ತಿರ ಇತ್ತು. ಅದು ಪಾವಗಡದ ಬೆಟ್ಟಗಳ ಕಡೆ ತೋರಿಸಿತು. ಅಲ್ಲಿ ಬಂಡೆ, ಗವಿ, ಮುಳ್ಳುಕಂಟಿ. ಆನೆಯನ್ನು ಬಚ್ಚಿಟ್ಟರೂ ಸಿಗದು. ಮಧುಗಿರಿ, ಕೊರಟಗೆರೆಗಳಿಂದಲೂ ಪೊಲೀಸರನ್ನು ಕರೆಸಿ ಜಾಲಾಡಿದೆವು. ಕರಡಿಯ ಹೆಜ್ಜೆ ಸಿಕ್ಕಿತು, ಮನುಷ್ಯನದು ಸಿಗಲಿಲ್ಲ. ಸಿಕ್ಕರೆ ಅವನಿಗೆ ಗಲ್ಲು. ಇದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕಾರ್ಯಾಚರಣೆಯ ಯಜಮಾನಿಕೆ ಬೆಂಗಳೂರು ದಂಡಿನಿಂದ ಬಂದಿದ್ದ ಒಬ್ಬ ಇಂಗ್ಲಿಷ್ ಮೇಜರನದು. "ಅವನು ಸತ್ತನೆಂದು ಮನೆಯವರಿಗೆ ಹೇಳಿ. ಬದುಕಿರುವುದು ಗೊತ್ತಿದ್ದರೆ ಅವರ ಅಳುವಿನಲ್ಲೇ ತಿಳಿಯುತ್ತದೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ಆ ಬಿಳಿಯನಿಗೆ ಯಾರು ಹೇಳಿಕೊಟ್ಟಿದ್ದರೋ!

ಸೆರೆಶಿಬಿರದಲ್ಲಿ ಕಾಯಿಲೆಯಿಂದ ಮರಣ ಎಂಬ ಸುಳ್ಳು ತಂತಿ ತಯಾರಾಯಿತು. ದಫೇದಾರ್ ಖಾದರ್ ಸಾಬಿಯನ್ನು ಕರೆದುಕೊಂಡು ನಾನೇ ಒಯ್ದೆ. ಮನೆಯಲ್ಲಿ ಇದ್ದವರು ಇಬ್ಬರೇ, ರಂಗಪ್ಪನ ತಾಯಿ ಸಣ್ಣಮ್ಮ ಮತ್ತು ಹೆಂಡತಿ ಲಕ್ಕಮ್ಮ. ಪಟೇಲರ ಎದುರು ತಂತಿ ಓದಿ ಹೇಳಿದೆ.

ಲಕ್ಕಮ್ಮ ಎದೆ ಎದೆ ಬಡಿದುಕೊಂಡು ಅಂಗಳದಲ್ಲಿ ಹೊರಳಾಡಿದಳು. ಹೆಣವಿಲ್ಲವಲ್ಲ, ಹುಲ್ಲಿನ ಬೊಂಬೆ ಮಾಡಿ ಮಣ್ಣು ಮಾಡಿದರು. ಕೆರೆಯ ಹತ್ತಿರ ಹೆಂಗಸರು ಅವಳ ಕುಂಕುಮ ಒರೆಸಿ ಬಳೆಗಳನ್ನು ಕಲ್ಲಿನಿಂದ ಒಡೆದರು. ಊರಿನ ಮುದುಕಿಯೊಬ್ಬಳು ತಾಳಿಗೆ ಕೈ ಹಾಕುವ ಮೊದಲೇ ಲಕ್ಕಮ್ಮ ತಾನೇ ಹರಿದು ಕೊಟ್ಟಳು. ಮುಂಗೈಯಿಂದ ರಕ್ತ ಇಳಿಯುತ್ತಿತ್ತು.

"ಸಾಹೇಬ್ರೆ, ಈ ಹೆಣ್ಮಗಳಿಗೆ ಏನೂ ಗೊತ್ತಿಲ್ಲ" ಎಂದ ಖಾದರ್ ಸಾಬಿ. "ಯಾ ಅಲ್ಲಾ, ಇಂಥದ್ರಲ್ಲಿ ನಾಟಕ ಮಾಡಕ್ಕಾಗ್ತದಾ?"

ನನಗೂ ಹಾಗೆಯೇ ಅನ್ನಿಸಿತು. ಮೇಜರನಿಗೆ ಹಾಗೆಯೇ ವರದಿ ಮಾಡಿದೆ.

ತಿಥಿಯ ದಿನ ಪಟೇಲರು ನಮ್ಮನ್ನೂ ಊಟಕ್ಕೆ ಕರೆದರು. ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂದು ಮುಟ್ಟಿದರೆ ಸತ್ತವನು ಉಂಡ ಹಾಗೆ. ಮುಟ್ಟದಿದ್ದರೆ ಅವನ ಆಸೆ ಏನೋ ಉಳಿದಿದೆ ಎಂದು ಜನ ಕೈಮುಗಿದು ಬೇಡಿಕೊಳ್ಳುತ್ತಾರೆ. ಅವತ್ತು ಬೇಡುವ ಕಷ್ಟವೇ ಬರಲಿಲ್ಲ. ಕಾಗೆಯೊಂದು ಬೇಗ ಬಂದು ಕೂತಿತು. ಕುಪ್ಪಳಿಸಿ ಎಲೆಯ ಹತ್ತಿರ ಬಂತು. "ಬಂದ ನೋಡ್ರಪ್ಪಾ" ಎಂದರು ಯಾರೋ.

"ಹುಶ್! ಹೋಗು, ಹುಶ್!"

ಸಣ್ಣಮ್ಮ ಮಣ್ಣುಹೆಂಟೆ ಎತ್ತಿ ಬೀಸಿ ಹೊಡೆದಿದ್ದಳು. ಕಾಗೆ ಹಾರಿಹೋಯಿತು. ಜನ ಬಾಯಿ ಬಿಟ್ಟುಕೊಂಡು ನಿಂತರು.

"ನಾಯಿ ಬಂತು ಅಂದ್ಕೊಂಡ್ಳು ಕಣಮ್ಮ, ನಮ್ಮತ್ತೆಗೆ ಕಣ್ಣು ಸರ್ಯಾಗಿ ಕಾಣಾಕಿಲ್ಲ" ಎಂದಳು ಲಕ್ಕಮ್ಮ, ಪಕ್ಕದವಳಿಗೆ. ಎಷ್ಟು ಚುರುಕಾದ ಸುಳ್ಳು! ಆದರೆ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಮಗನ ಎಡೆಗೆ ಬಂದ ಕಾಗೆಯನ್ನು ಯಾವ ತಾಯಿಯೂ ಓಡಿಸುವುದಿಲ್ಲ, ಮಗ ಬದುಕಿದ್ದಾನೆಂದು ಗೊತ್ತಿದ್ದವಳ ಹೊರತು. ಬೊಂಬೆಯನ್ನು ಹೂಳುವುದನ್ನು ಅವಳು ಸಹಿಸಿದ್ದಳು, ಸೊಸೆಯ ಬಳೆ ಒಡೆಯುವುದನ್ನೂ ಸಹಿಸಿದ್ದಳು. ಕಾಗೆ ಬಾಯಿ ಹಾಕಿಬಿಟ್ಟರೆ ಮಗನ ಆಯುಸ್ಸು ನಿಜವಾಗಿಯೂ ಮುಗಿದೀತು ಎಂಬ ಭಯವನ್ನು ಮಾತ್ರ ಹೆತ್ತ ಕರುಳು ತಾಳಿಕೊಳ್ಳಲಿಲ್ಲ. ನಾನು ಪಂಕ್ತಿಯಲ್ಲಿ ಕೂತು ಉಂಡೆ. ಕೈ ತೊಳೆದುಕೊಂಡು ಬಂದು ಸಣ್ಣಮ್ಮನನ್ನು ಗಾಡಿ ಹತ್ತಿಸಿ ಮೇಜರನ ಮುಂದೆ ತಂದು ನಿಲ್ಲಿಸಿದೆ.

"ಕೊಂದಾಕ್ಬುಡಿ ಸ್ವಾಮಿ, ನಂಗೇನೂ ಗೊತ್ತಿಲ್ಲ" ಎಂಬ ಮಾತಿನ ಹೊರತು ಅವಳ ಬಾಯಿಂದ ಏನೂ ಬರಲಿಲ್ಲ. ಮೇಜರ್ ಹೊಡೆಸಲಿಲ್ಲ. ಪಾವಗಡದ ಬೆಟ್ಟದ ಬುಡದಲ್ಲಿ, ಬಿಸಿಲಿಗೆ ಕಾದ ಬಂಡೆಯ ಮೇಲೆ ಅವಳನ್ನು ಕೂರಿಸಿದ. ನೀರು ಕೊಡಕೂಡದೆಂದು ಹುಕುಂ. ಟಾಮ್‌ಟಾಮ್ ಹೊಡೆಯುವವನು ಬೆಟ್ಟದ ಸುತ್ತ ಕನ್ನಡದಲ್ಲಿ ಕೂಗಿದ, ತೆಲುಗಿನಲ್ಲೂ ಕೂಗಿದ: "ಒರೇ ರಂಗಪ್ಪಾ, ಮೀ ಅಮ್ಮ ಈಡ ಉಂಡಾದಿ, ದಿಗಿ ರಾರಾ!" ತಾಯಿ ಇಲ್ಲಿದ್ದಾಳೆ, ಇಳಿದು ಬಾ ಎಂದು.

ಯಾರೂ ಬರಲಿಲ್ಲ. ಪೊಲೀಸರ ಮೋಸ ಎಂದುಕೊಂಡಿರಬೇಕು. ಮಾರನೆಯ ಮಧ್ಯಾಹ್ನ ಮುದುಕಿಯ ತುಟಿ ಒಡೆದಿತ್ತು. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು ಅವಳೇ ಕೂಗಿದಳು: "ಬರಬ್ಯಾಡ ಕಣ್ಲಾ! ನಾನು ಸತ್ರೂ ಬರಬ್ಯಾಡ!"

ಆ ದನಿ ಕೇಳಿಯೇ ಅವನು ಬಂದ. ಬಂಡೆಗಳ ನಡುವಿನಿಂದ ಎರಡೂ ಕೈ ಎತ್ತಿಕೊಂಡು ಇಳಿದ. ಗಡ್ಡ ಬೆಳೆದು ಒಣಗಿ ಕಡ್ಡಿಯಾಗಿದ್ದ. "ಮೊದ್ಲು ಅವ್ವಂಗೆ ನೀರು ಕೊಡ್ರಿ" ಎಂದ. ಖಾದರ್ ಸಾಬಿ ಅಳುತ್ತಾ ಕೊಟ್ಟ. ಮೇಜರ್ ಸಿಗಾರ್ ಹಚ್ಚಿದ. ಅವನ ಕತ್ತು ಹಿಸುಕಬೇಕೆನ್ನುವಷ್ಟು ಸಿಟ್ಟು ಬಂತು ನನಗೆ.

ಮೈಸೂರು ಸೀಮೆಯಲ್ಲಿ ಹಿಡಿದವನನ್ನು ಬ್ರಿಟಿಷರಿಗೆ ಒಪ್ಪಿಸಬೇಕಾದರೆ ಮಹಾರಾಜರ ಸರ್ಕಾರದ ಅಪ್ಪಣೆ ಬೇಕು. ಮೇಜರನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಪಾವಗಡದ ಸುತ್ತಮುತ್ತ ಹೇಗೂ ಮದರಾಸು ಪ್ರಾಂತ್ಯ. ಮಿಲಿಟರಿ ಲಾರಿ ಗಡಿಕಲ್ಲು ದಾಟಿತು. ಆಚೆ ಕಡೆಯೇ ಹಿಡಿದೆವೆಂದು ಬರೆದುಕೊಂಡರು. ಮದರಾಸಿನಲ್ಲಿ ಗಲ್ಲಾಯಿತು. ಹೆಣ ಕೊಡಲಿಲ್ಲ.

ಅಡಗಿಕೊಂಡವನನ್ನು ಹಿಡಿಯುವುದು ಹೇಗೆಂದು ಇಲಾಖೆಗೆ ಹೊಸದಾಗಿ ಸೇರಿದವರು ನನ್ನನ್ನು ಕೇಳುತ್ತಿದ್ದರು. ಅವನ ಹಗೆಗಳನ್ನು ವಿಚಾರಿಸಬೇಡಿ, ಯಾರಿಗೆ ಅವನ ಮೇಲೆ ಪ್ರಾಣವೋ ಅವರ ಬಾಗಿಲಲ್ಲಿ ಕಾಯಿರಿ ಎನ್ನುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು, ಗಲ್ಲಿನ ಸುದ್ದಿ ಹೊತ್ತು ಮತ್ತೆ ಆ ಮನೆಗೆ ಹೋದ ದಿನ ಗೊತ್ತಾಯಿತು.

ಈ ಸಲ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಒಮ್ಮೆ ತಿಥಿಯಾದವನಿಗೆ ಇನ್ನೊಮ್ಮೆ ಮಾಡುವ ಪದ್ಧತಿ ಇಲ್ಲ ಎಂದು ಪಟೇಲರು ತಲೆತಗ್ಗಿಸಿ ಹೇಳಿದರು. ಸಣ್ಣಮ್ಮ ತಡವರಿಸಿಕೊಂಡು ಒಳಗಿನಿಂದ ಒಂದು ಎಲೆ ತಂದಳು. "ಒಂದ್ ತುತ್ತಾದ್ರೂ ಇಕ್ಕಾನ ಕಣಮ್ಮ, ನನ್ ಮಗ ಹಸ್ಕೊಂಡು ಹೋದ" ಎಂದಳು.

ಬೋಳುಗೈಯ ಲಕ್ಕಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತೆಯ ಮುಖವನ್ನೇ ನೋಡಿದಳು.

"ಅವತ್ತು ಕಾಗೆ ಉಣ್ಣಕ್ಕೆ ಬುಟ್ಟಿದ್ರೆ, ಇವತ್ತು ನಿನ್ ಮಗ ಉಣ್ತಿದ್ದ" ಎಂದಳು.