ಅಜ್ಜ ಕೊಟ್ಟ ಒಂದೇ ಸ್ಟಾರ್

ಪುಟ್ಟಿ, ಅಪ್ಪು, ನಿಮ್ಮ ಅಜ್ಜಿ ನಾನು ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಬ್ಯಾಕೋಡಿನ ಶಾಲೆಯಲ್ಲಿ, ಏಳನೆಯ ಕ್ಲಾಸಿನವರೆಗೆ. ನಾಲ್ಕು ಜನರ ಎದುರು ಬಾಯಿ ಬಿಡುವುದು ನನಗೆ ಇವತ್ತಿಗೂ ಕಷ್ಟ. ಹೇಳಬೇಕಾದದ್ದನ್ನು ಬರೆದೇ ಹೇಳುತ್ತೇನೆ.

ಹೊಸನಗರದ ನಮ್ಮ ಮನೆಯ ಹಾಲಿನಲ್ಲಿರುವ ಹೋಂ ಥಿಯೇಟರ್ ನಿಮಗೆ ಗೊತ್ತು. ಸುತ್ತ ಐದು ಸ್ಪೀಕರು, ಮೂಲೆಯಲ್ಲಿ ಗುಡುಗುವ ಇನ್ನೊಂದು, ಎಲ್ಲದರ ವೈರೂ ಹೋಗಿ ಸೇರುವ ಕಪ್ಪು ಪೆಟ್ಟಿಗೆ. ಆ ಪೆಟ್ಟಿಗೆಗೆ ರಿಸೀವರ್ ಅನ್ನುತ್ತಾರೆ. ದನದ ಆಸ್ಪತ್ರೆಯ ಕಾಂಪೌಂಡರ್ ಕೆಲಸದಿಂದ ನಿವೃತ್ತರಾದ ಮೇಲೆ ಅಜ್ಜ ಅದನ್ನು ಸಾಗರದಿಂದ ತಂದರು. ಸಿನಿಮಾ ನೋಡಲಿಕ್ಕಲ್ಲ, ತಾಳಮದ್ದಳೆ ಕೇಳಲಿಕ್ಕೆ. ವೇಷವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಪ್ರಸಂಗ ನಡೆಸುವ ಅರ್ಥಧಾರಿಗಳ ದನಿ ಒಬ್ಬೊಬ್ಬರದೂ ಬೇರೆ ಬೇರೆ ಕಡೆಯಿಂದ ಕೇಳಬೇಕು ಎಂಬುದು ಅವರ ಆಸೆ. ಸಾಗರದ ಆ ಅಂಗಡಿಯವರ ಹೆಂಡತಿ ನನ್ನ ತವರಿನ ಕಡೆಯವಳು. ಹಾಗಾಗಿ ಅವರು ನನ್ನನ್ನು ಅಕ್ಕ ಅನ್ನುತ್ತಾರೆ.

ತಂದು ತಿಂಗಳಾಗುವುದರೊಳಗೆ ಪೆಟ್ಟಿಗೆ ತೊಂದರೆ ಕೊಡತೊಡಗಿತು. ಅರ್ಧ ಗಂಟೆ ಸರಿಯಾಗಿ ಹಾಡಿ, ಮಾತಿನ ನಡುವೆ ಟಕ್ಕೆಂದು ನಿಂತುಬಿಡುತ್ತಿತ್ತು. ಅಂಗಡಿಯವರು ಎರಡು ಸಲ ಬಂದು ನೋಡಿದರು. ಅವರೆದುರು ಗಂಟೆಗಟ್ಟಲೆ ನಿಲ್ಲದೆ ಹಾಡಿತು. ಅವರು ಹೋದ ಮರುದಿನ ಮತ್ತೆ ಅದೇ ಕಥೆ.

"ನಿನ್ನ ಮುಖ ಕಂಡ್ರೆ ಸರಿಯಾಗ್ತದೆ. ಒಂದು ಫೋಟೋ ಕೊಟ್ಟು ಹೋಗು ಮಾರಾಯ, ಪಕ್ಕದಲ್ಲಿ ಇಟ್ಕೊಳ್ತೀನಿ" ಎಂದು ಅಜ್ಜ ಚುಚ್ಚಿದರು. ಮೂರನೆಯ ಸಲ ಕರೆದಾಗ ಅಂಗಡಿಯವರು ಬರಲಿಲ್ಲ. ಆ ಸಿಟ್ಟಿನಲ್ಲಿ ಅಜ್ಜ ತಮ್ಮ ಫೋನಿನಲ್ಲಿ ಅಂಗಡಿಯ ಹೆಸರು ಹುಡುಕಿಸಿ, ಪುಟ್ಟಿ, ನಿನ್ನ ಕೈಯಲ್ಲಿ ಅಭಿಪ್ರಾಯ ಬರೆಸಿದರು. ಒಂದೇ ಸ್ಟಾರ್. ಕೆಳಗೆ, 'ಕೆಟ್ಟ ಮಾಲನ್ನು ಹೊಸದೆಂದು ಮಾರಿದ್ದಾರೆ. ಮಾತು ಸಿಹಿ, ನಂಬಬೇಡಿ.' ನೀನಾಗ ಆರನೆಯ ಕ್ಲಾಸಿನಲ್ಲಿದ್ದೆ. ಅಜ್ಜ ಹೇಳಿದ್ದನ್ನು ಒತ್ತಿದೆ, ಅಷ್ಟೆ. ನಿನ್ನ ತಪ್ಪೇನೂ ಇಲ್ಲ.

ತಪ್ಪು ನನ್ನದು. ಆ ಪೆಟ್ಟಿಗೆಗೆ ನಾನು ದಪ್ಪ ಉಲ್ಲನ್ನಿನಲ್ಲಿ ಒಂದು ಮುಚ್ಚುಬಟ್ಟೆ ಹೆಣೆದು, ಒಳಗಿನಿಂದ ಬಟ್ಟೆ ಕೊಟ್ಟು ಹೊಲಿದಿದ್ದೆ. ನಮ್ಮ ಕಡೆ ಟಿವಿಯನ್ನಾಗಲಿ, ಮಿಕ್ಸಿಯನ್ನಾಗಲಿ, ಹೊಲಿಗೆ ಮೆಷಿನ್ನನ್ನಾಗಲಿ ಬರಿದೇ ಇಡುವ ರೂಢಿಯಿಲ್ಲ. ಮುಂದಿನ ದೀಪಗಳು ಮಾತ್ರ ಕಾಣುವಂತೆ ಬಿಟ್ಟು, ಮೇಲಿಂದ ಹಿಂದಿನವರೆಗೆ ಹೊದಿಸಿದ್ದೆ. ರಿಪೇರಿಯವರು ಬರುತ್ತಾರೆ ಎಂದರೆ ಧೂಳು ಕಾಣಬಾರದೆಂದು ಬಟ್ಟೆ ತೆಗೆದು, ಪೆಟ್ಟಿಗೆ ಒರೆಸಿಟ್ಟು, ಅವರು ಹೋದ ಮೇಲೆ ಮತ್ತೆ ಹೊದಿಸುತ್ತಿದ್ದೆ.

ಮರುವರ್ಷ ಅಜ್ಜ ತೀರಿಕೊಂಡ ಮೇಲೆ ಸೂತಕ ಕಳೆಯಲು ಮನೆಯ ಬಟ್ಟೆಯನ್ನೆಲ್ಲ ಒಗೆದೆವು. ಆ ಮುಚ್ಚುಬಟ್ಟೆಯೂ ಒಗೆಯಲಿಕ್ಕೆ ಹೋಯಿತು. ಅದು ಒಣಗುತ್ತಿದ್ದ ದಿನ, ಅಪ್ಪು, ನೀನು ಮಧ್ಯಾಹ್ನದಿಂದ ಸಂಜೆಯವರೆಗೆ ಕ್ರಿಕೆಟ್ ನೋಡಿದೆ. ಪೆಟ್ಟಿಗೆ ಒಮ್ಮೆಯೂ ನಿಲ್ಲಲಿಲ್ಲ. ನೀವೆಲ್ಲ ಹೊರಟ ಮೇಲೆ ಬಟ್ಟೆ ಹೊದಿಸಿ ಹಾಕಿ ನೋಡಿದೆ, ನಿಂತಿತು. ಮೇಲೆ ಕೈಯಿಟ್ಟರೆ ದೋಸೆ ಕಾವಲಿಯ ಬಿಸಿ. ಬಿಸಿ ಹೊರಗೆ ಹೋಗಲಿಕ್ಕೆಂದು ಮೇಲೆ ಸಾಲಾಗಿ ಬಿಟ್ಟಿದ್ದ ಸೀಳುಗಳನ್ನು ಆಗ ಕಂಡೆ. ಮರುದಿನ ಬಟ್ಟೆ ತೆಗೆದು ಹಾಕಿದೆ, ನಿಲ್ಲಲಿಲ್ಲ. ಮೂರು ದಿನ ಹೀಗೆ ನೋಡಿದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ, ತೀರಿಹೋದ ಗಂಡ ಒಬ್ಬ ಪ್ರಾಮಾಣಿಕನನ್ನು ಊರೆದುರು ಮೋಸಗಾರ ಅಂದರು ಎಂದು ನಾನೇ ಒಪ್ಪಿಕೊಂಡ ಹಾಗೆ. ಒಂದು ಮದುವೆಯಲ್ಲಿ ಅಂಗಡಿಯವರ ಹೆಂಡತಿ ಸಿಕ್ಕಿ, "ಬಂದ ಗಿರಾಕಿಗಳು ಭಾವ ಬರ್ದಿದ್ದನ್ನ ಫೋನಲ್ಲಿ ತೋರ್ಸಿ ಕೇಳ್ತಾರೆ ಅಕ್ಕ. ಇವ್ರು ಈಗೀಗ ಅಂಗಡಿಗೆ ಹೋಗಕ್ಕೇ ಬೇಜಾರು ಮಾಡ್ಕೊಳ್ತಾರೆ" ಎಂದಳು. ಆಗಲೂ ಎಲೆಯ ಮೇಲಿನ ಅನ್ನ ಕಲಸುತ್ತ ಕೂತೆ.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ತೀರ್ಥಹಳ್ಳಿಯ ಸಮುದಾಯ ಭವನಕ್ಕೆ ಸೌಂಡ್ ಹಾಕಿಸುವ ವಿಚಾರ ಬಂತು. ಅಜ್ಜನ ತಂಗಿಯ ಗಂಡ ಅದರ ಅಧ್ಯಕ್ಷರು. ಸಾಗರದ ಅಂಗಡಿಯವರು ಇದೇ ಕಂಪನಿಯ ರಿಸೀವರ್ ಹಾಕಿಕೊಡುತ್ತೇನೆ ಎಂದಿದ್ದರು. ನಮ್ಮ ಮನೆಯದನ್ನು ಕೇಳಿ ತೀರ್ಮಾನಿಸೋಣ ಎಂದು ಅಧ್ಯಕ್ಷರು, ನನ್ನ ನಾದಿನಿ, ಭವನದ ಕಾರ್ಯದರ್ಶಿ ಒಂದು ಬೆಳಿಗ್ಗೆ ಬಂದರು. ಅಂಗಡಿಯವರೂ ಬಂದರು. ನಾನು ಆವತ್ತು ಬೇಗನೆ ಎದ್ದು ಮುಚ್ಚುಬಟ್ಟೆಯನ್ನು ಟ್ರಂಕಿನ ತಳಕ್ಕೆ ಹಾಕಿದ್ದೆ. ಪೆಟ್ಟಿಗೆ ಸುಮ್ಮನೆ ಹಾಡಿಕೊಂಡಿದ್ದರೆ ಅವರ ಹೆಸರೂ ಉಳಿಯುತ್ತದೆ, ನಾನು ಬಾಯಿ ಬಿಡುವುದೂ ಬೇಡ ಎಂದು ನನ್ನ ಲೆಕ್ಕಾಚಾರ.

ಅಜ್ಜನ ಒಂದು ತಾಳಮದ್ದಳೆ ಹಾಕಿದೆವು, ಒಂದು ಗಂಟೆ ನಿಲ್ಲದೆ ಹಾಡಿತು.

"ಭಾಗವತ್ರು ಇಲ್ಲೇ ಎದ್ರಿಗೆ ಕೂತ ಹಾಗಿದೆ" ಎಂದರು ಅಧ್ಯಕ್ಷರು.

"ಮದ್ದಳೆಯವ್ನು ಮಾತ್ರ ನನ್ನ ಬೆನ್ನಿಗೇ ಬಡೀತಿದ್ದಾನೆ ಮಾರಾಯ್ರೆ" ಎಂದು ಕಾರ್ಯದರ್ಶಿ ಹಿಂತಿರುಗಿ ನೋಡಿದರು. ಎಲ್ಲರೂ ನಕ್ಕರು. ನಾನೂ ಉಸಿರು ಬಿಟ್ಟೆ.

ಅಷ್ಟರಲ್ಲಿ ಕಾರ್ಯದರ್ಶಿ ಫೋನು ತೆಗೆದು ಅಜ್ಜನ ಅಭಿಪ್ರಾಯವನ್ನು ಗಟ್ಟಿಯಾಗಿ ಓದಿದರು. "ಹಾಗಾದ್ರೆ ಇದೆಂತದು? ನಾವು ಬರ್ತೀವಿ ಅಂತ ಗೊತ್ತಾದ ಕೂಡ್ಲೆ ಒಳಗಿನ ಸಾಮಾನು ಬದ್ಲಾಯ್ಸಿದ್ರಾ?"

ಅಂಗಡಿಯವರ ಮುಖ ಕಪ್ಪಿಟ್ಟಿತು. "ದೇವ್ರಾಣೆ ಇಲ್ಲ. ನಾನು ಈ ಮನೆ ಮೆಟ್ಲು ಹತ್ತಿ ಎರಡು ವರ್ಷದ ಮೇಲಾಯ್ತು. ಬೇಕಾದ್ರೆ ಅಕ್ಕನ್ನ ಕೇಳಿ."

"ನಮ್ಮಣ್ಣ ಸುಳ್ಳು ಬರ್ಸೋನಲ್ಲ" ಎಂದಳು ನಾದಿನಿ. "ಅತ್ತಿಗೆ, ಎಂತ ನಡೆದಿದ್ದು ನೀವೇ ಹೇಳಿ."

ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. "ನಂಗೆಂತ ಗೊತ್ತಾಗ್ತದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಅಂಗಡಿಯವರು ಆಗಲೇ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು.

"ಸ್ವಲ್ಪ ಕೂತ್ಕೊಳ್ಳಿ" ಎಂದೆ. ತಟ್ಟೆ ಕೆಳಗಿಟ್ಟು, ಒಳಗೆ ಹೋಗಿ ಟ್ರಂಕು ತೆಗೆದು ಬಟ್ಟೆ ತಂದೆ. ಎಲ್ಲರೆದುರು ಅದನ್ನು ರಿಸೀವರಿನ ಮೇಲೆ ಮೊದಲಿನ ಹಾಗೆಯೇ ಹೊದಿಸಿದೆ. "ಈಗ ಕೇಳಿ."

"ಇದೆಂತ ಅತ್ತಿಗೆ, ಪೆಟ್ಟಿಗೆಗೆ ಚಳಿಯಾ?" ಎಂದು ಅಧ್ಯಕ್ಷರು ತಮಾಷೆ ಮಾಡಿದರು. ಈ ಸಲ ಯಾರೂ ನಗಲಿಲ್ಲ. ಹತ್ತು ನಿಮಿಷ ಹೋಯಿತು. ಇಪ್ಪತ್ತು ಹೋಯಿತು. ಕಾಫಿ ಕೆನೆಗಟ್ಟಿತು. ಇವತ್ತು ನಿಲ್ಲದೇ ಹೋದರೆ? ನಾನು ಇನ್ನೆಂದೂ ಇದನ್ನು ಹೇಳಲಾರೆ ಅನ್ನಿಸಿತು. ಅಂಗಡಿಯವರು ಬಟ್ಟೆಯನ್ನೇ ನೋಡುತ್ತಿದ್ದರು. ಅದನ್ನು ಕಂಡ ಕೂಡಲೇ ಅವರಿಗೆ ಎಲ್ಲ ತಿಳಿದಿರಬೇಕು. ಹೆಗಲಿನ ಬ್ಯಾಗನ್ನು ಇಳಿಸಿ ಕೆಳಗಿಟ್ಟರು. ರಾಜನ ಅರ್ಥ ಹೇಳುತ್ತಿದ್ದವರು ಎದುರಾಳಿಗೆ ಪ್ರಶ್ನೆ ಹಾಕುತ್ತಿದ್ದರು. ಪ್ರಶ್ನೆ ಮುಗಿಯುವ ಮೊದಲೇ ಟಕ್ಕೆಂದಿತು. ಆರೂ ಸ್ಪೀಕರು ಒಟ್ಟಿಗೆ ಸತ್ತವು.

"ಬಟ್ಟೆ ಹಾಕಿದ್ದು ನಾನು" ಎಂದೆ. "ಇವ್ರು ನೋಡಕ್ಕೆ ಬಂದಾಗೆಲ್ಲ ತೆಗೆದಿಟ್ಟವ್ಳೂ ನಾನೇ. ಅವ್ರಿಗೆ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ. ಸೂತಕ ಕಳೆದ ಮೇಲೆ ಗೊತ್ತಾಯ್ತು."

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಜಗಲಿಗೆ ಹೋದಳು. ಅಂಗಡಿಯವರು ನನ್ನನ್ನೇ ನೋಡಿದರು.

"ಒಂದು ವರ್ಷ ಆಯ್ತಲ್ಲ ಅಕ್ಕ" ಎಂದರು. "ಒಂದು ಫೋನ್ ಮಾಡ್ಬಹುದಿತ್ತು."

ಅವರು ಕಾಫಿ ಮುಟ್ಟದೆ ಹೊರಟರು. ಭವನದ ಕೆಲಸ ಅವರಿಗೇ ಸಿಕ್ಕಿತು, ಚೆನ್ನಾಗಿಯೇ ಮಾಡಿದ್ದಾರಂತೆ. ನಮ್ಮ ಮನೆಗೆ ಮಾತ್ರ ಮತ್ತೆ ಬಂದಿಲ್ಲ. ನಾದಿನಿ ಈಗ ಮಾತಾಡುತ್ತಾಳೆ, ಅಣ್ಣನ ಸುದ್ದಿ ಮಾತ್ರ ತೆಗೆಯುವುದಿಲ್ಲ.

ಅಜ್ಜನ ಅಭಿಪ್ರಾಯವನ್ನು ಅಳಿಸಲು ನಿಮ್ಮ ಅಪ್ಪನ ಹತ್ತಿರ ಹೇಳಿದೆ. ಅಜ್ಜನ ನಂಬರು ಬಂದ್ ಆಗಿದೆ, ಅವರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಆಗುವುದಿಲ್ಲ ಎಂದ. ಅದರ ಕೆಳಗೆ ಅಂಗಡಿಯವರು ಆಗ ಬರೆದ ಉತ್ತರವೂ ಇದೆಯಂತೆ. 'ಹಿರಿಯರು ಬೇಜಾರಿನಲ್ಲಿ ಬರೆದಿದ್ದಾರೆ, ಕ್ಷಮೆಯಿರಲಿ' ಎಂದು. ಓದಿಸಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮ ಅಜ್ಜ ಕೆಟ್ಟವರಲ್ಲ. ತಿಳಿಯದೆ ಸಿಟ್ಟು ಮಾಡಿದರು. ನಾನು ತಿಳಿದೂ ಸುಮ್ಮನಿದ್ದೆ. ನಾಳೆ ಯಾರಾದರೂ ಆ ಒಂದು ಸ್ಟಾರನ್ನು ನಿಮಗೆ ತೋರಿಸಿ ಕೇಳಿದರೆ ಇದನ್ನು ಅವರ ಕೈಗೆ ಕೊಡಿ, ಓದಲಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಹರಿಯದ ಹಾಗೆ, ಕಳೆಯದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.