ಕಡ್ಡಿ ಕಚ್ಚಿ ಮಲಗುವ ಜೇನು

ಹಲ್ಲಿನ ಮೇಸ್ತ್ರಿಯ ಬಾಯಲ್ಲಿ ಸ್ವಂತ ಹಲ್ಲು ಇಪ್ಪತ್ತೊಂದೇ ಉಳಿದಿದ್ದವು. ಊರಿನ ಅರ್ಧಕ್ಕರ್ಧ ಹಿರಿಯರು ಅವರು ಕೂರಿಸಿದ ಹಲ್ಲಿನಲ್ಲಿ ನಗುತ್ತಿದ್ದರೂ ತಮಗೊಂದು ಸೆಟ್ಟು ಮಾಡಿಕೊಳ್ಳಲು ಅವರಿಗೆ ಪುರುಸೊತ್ತಾಗಿರಲಿಲ್ಲ. ದಂತವೈದ್ಯರು ಕಳಿಸುವ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣದ ಒಸಡು ಕಟ್ಟುವುದು, ಒಂದೊಂದೇ ಹಲ್ಲು ನೆಡುವುದು, ಒಸಡಿಗೆ ಜೀವಕಳೆ ಬರುವ ಹಾಗೆ ಸಣ್ಣ ಚಾಕುವಿನಿಂದ ಕೆತ್ತುವುದು: ಮೂವತ್ತು ವರ್ಷದಿಂದ ಇದೇ ಕಸುಬು. ಕೆಲಸದ ಕೋಣೆ ಮಹಡಿಯ ಮೇಲಿತ್ತು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಸದಾ ಏಳೆಂಟು ದವಡೆಗಳು ಬಾಯಿ ತೆರೆದುಕೊಂಡು, ಯಾರೋ ಹೇಳಲಿರುವ ಜೋಕಿಗೆ ಕಾದಿರುವಂತೆ ಕೂತಿರುತ್ತಿದ್ದವು.

ಆ ಕೋಣೆಯ ಬಾಗಿಲು ತೆರೆದರೆ ತಾರಸಿ. ಮೂಲೆಯಲ್ಲೊಂದು ಕುಂಡ. ಅದರೊಳಗಿನ ಗಿಡ ಯಾವಾಗಲೋ ಸತ್ತು, ನಾಲ್ಕು ಒಣ ಕಡ್ಡಿ ಮಾತ್ರ ನಿಂತಿದ್ದವು. ಒಂದು ಮುಂಜಾನೆ ಹೆಂಡತಿ ಕುಂಡವನ್ನು ಎತ್ತಿ ಎಸೆಯಲು ಹೊರಟಾಗ ಮೇಸ್ತ್ರಿ ಕೂಗಿಕೊಂಡರು.

"ಏ, ನಿಲ್ಲು ನಿಲ್ಲು! ಅಲ್ಲಿ ನೋಡು, ಏನೋ ಮಲಗಿದೆ."

ಕಡ್ಡಿಗೆ ಐದು ಜೇನುಗಳು ಸಾಲಾಗಿ ಅಂಟಿಕೊಂಡಿದ್ದವು. ಹೊಟ್ಟೆಯ ಮೇಲೆ ತೆಳುನೀಲಿ ಪಟ್ಟೆ. ಕಾಲುಗಳನ್ನೆಲ್ಲ ಮಡಚಿಕೊಂಡು, ದವಡೆಯಿಂದ ಕಡ್ಡಿಯನ್ನು ಕಚ್ಚಿ, ಇಡೀ ಮೈಯನ್ನು ಗಾಳಿಯಲ್ಲಿ ಅಡ್ಡ ಚಾಚಿ, ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದವು.

ಹೆಂಡತಿ ಕೆಲಸ ಮಾಡುವುದು ಗ್ರಂಥಾಲಯದಲ್ಲಿ. ಸಂಜೆ ಬರುವಾಗ ವಿಷಯ ತಿಳಿದುಕೊಂಡೇ ಬಂದಳು. "ಅವೆಲ್ಲ ಗಂಡಂತೆ ಕಣ್ರೀ. ಗೂಡು ಕಟ್ಟೋಕೆ ಬರಲ್ಲ. ಕತ್ತಲಾಗ್ತಿದ್ದ ಹಾಗೆ ಎಲ್ಲಾದ್ರೂ ಹೀಗೆ ಕಚ್ಚಿಕೊಂಡು ನೇತಾಡ್ತಾ ಮಲಗ್ತಾವಂತೆ."

"ಪಾಪ, ಅಲ್ವಾ?"

"ಪಾಪ ಯಾಕೆ? ಹಾಸಿಗೆ ಸುತ್ತಿಡೋ ಕೆಲಸವೂ ಇಲ್ಲ. ಯೋಚನೆ ಮಾಡಿ, ನಿಮಗೂ ಒಂದು ಕಡ್ಡಿ ನೋಡೋಣ."

ಮೇಸ್ತ್ರಿಗೆ ಅಂದಿನಿಂದ ಹುಚ್ಚು ಹಿಡಿಯಿತು. ಬದುಕಿಡೀ ಅವರು ನೋಡಿದ್ದು ಕಚ್ಚಲಾರದ ಬಾಯಿಗಳನ್ನು. ಇಲ್ಲಿ ನೋಡಿದರೆ ಕಚ್ಚುವುದನ್ನೇ ಹಾಸಿಗೆ ಮಾಡಿಕೊಂಡ ಪ್ರಾಣಿ! ಆ ಕಚ್ಚನ್ನು ಹತ್ತಿರದಿಂದ, ಹಲ್ಲಿನ ಗುರುತು ಕಾಣುವಷ್ಟು ಹತ್ತಿರದಿಂದ, ಒಂದು ಫೋಟೋ ಹಿಡಿಯಬೇಕು. ಹೆಂಡತಿಯ ತಮ್ಮ ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟುಡಿಯೋ ಇಟ್ಟಿದ್ದ. ಅವನಿಂದ ಹಳೆಯ ಕ್ಯಾಮೆರಾವನ್ನೂ, ಇರುವೆಯನ್ನು ಆನೆಯಾಗಿಸುವ ಮ್ಯಾಕ್ರೋ ಲೆನ್ಸನ್ನೂ ತಂದರು.

ಇದು ಎಲ್ಲರಿಗೂ ಹೇಳಿದ ಕಾರಣ. ಹೇಳದ ಕಾರಣ ಇನ್ನೊಂದಿತ್ತು.

ಕೆಲವು ತಿಂಗಳಿಂದ ಮೇಸ್ತ್ರಿಯ ಕೈ ನಡುಗುತ್ತಿತ್ತು. ಪೇಪರ್ ಹಿಡಿದರೆ ಸುದ್ದಿಗಳು ಕುಣಿಯುತ್ತಿದ್ದವು. ಚಹಾ ತಟ್ಟೆಗೆ ತುಳುಕದಿರಲಿ ಎಂದು "ನಂಗೆ ಅರ್ಧ ಲೋಟ ಸಾಕು, ಎದೆ ಉರಿ" ಎಂದು ಸುಳ್ಳು ಹೇಳುತ್ತಿದ್ದರು. ಮೇಜಿಗೆ ಕೂತಾಗ ಮಾತ್ರ ಹಲ್ಲು ನೆಟ್ಟಗೆ ಕೂರುತ್ತಿತ್ತು. ಅದು ಬರೀ ಅದೃಷ್ಟ, ಇಂದಲ್ಲ ನಾಳೆ ಕೈಕೊಡುತ್ತದೆ ಎಂದು ಅವರೇ ತೀರ್ಮಾನಿಸಿದ್ದರು. ಇದೇ ಹೊತ್ತಿಗೆ ಹೊಸ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಫೋನು ಮಾಡಿ, ತಮ್ಮಲ್ಲಿಯ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತೀರಾ, ಶನಿವಾರದೊಳಗೆ ತಿಳಿಸಿ ಎಂದಿದ್ದರು. ಒಪ್ಪಿಕೊಂಡು ಆಮೇಲೆ ಯಾರದೋ ಬಾಯಿ ಕೆಡಿಸಿದರೆ? ಬೇಡವೆಂದರೆ ಚಾಕು, ಮೇಣ ಎಲ್ಲ ಕಟ್ಟಿಡುವುದೇ. ಕೊನೆಗೆ ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡರು: ಶನಿವಾರದೊಳಗೆ ಈ ಕೈಯಿಂದ ಆ ಜೇನಿನ ಕಚ್ಚು ಸ್ಪಷ್ಟವಾಗಿ ಸಿಕ್ಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ದಡ್ಡ ಪರೀಕ್ಷೆಯೇ ಸರಿ. ಆದರೆ ಹೆದರಿದ ಮನುಷ್ಯ ತಾನು ಹೆದರಿದ ಜಾಗದಲ್ಲಿ ಪರೀಕ್ಷೆ ಬರೆಯುವುದಿಲ್ಲ.

ಮೊದಲ ಬೆಳಿಗ್ಗೆ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರು. ನೀರಿನ ಟ್ಯಾಂಕು, ಎದುರುಮನೆಯವರು ಒಣಹಾಕಿದ ಬಟ್ಟೆ, ಇನ್ನೂ ಪೂರ್ತಿ ಬೆಳಗಾಗದ ಆಕಾಶ, ಎಲ್ಲ ಕರಗಿ ಹಾಲಿನಂಥ ಬೆಳಕಾಯಿತು. ಆ ಹಾಲಿನೊಳಗಿಂದ ಕಡ್ಡಿಯೊಂದು ಮರದ ದಿಮ್ಮಿಯಾಗಿ ತೇಲಿಬಂತು. ಆಮೇಲೆ ಒಂದು ಕಣ್ಣು, ಹಸಿರು ಗೋಳದ ಹಾಗೆ. ಅದರ ಮೇಲೊಂದು ಇಬ್ಬನಿ. ಇಬ್ಬನಿಯೊಳಗೆ ತಲೆಕೆಳಗಾದ ಇನ್ನೊಂದು ಪುಟ್ಟ ಬೆಳಗು. ಮೇಸ್ತ್ರಿ ಉಸಿರಾಡುವುದನ್ನೇ ಮರೆತರು. ಕಿಂಡಿಯೊಳಗಿನ ಆ ಊರಿನಲ್ಲಿ ಯಾರಿಗೂ ಹಲ್ಲುನೋವಿರಲಿಲ್ಲ, ಶನಿವಾರವೂ ಇರಲಿಲ್ಲ. ಅಷ್ಟರಲ್ಲಿ ಕೈ ಅಲುಗಿತು. ದಿಮ್ಮಿ, ಕಣ್ಣು, ಬೆಳಗು ಎಲ್ಲ ಮತ್ತೆ ಹಾಲಿಗೆ ಬಿದ್ದವು. ಅರವತ್ತು ಫೋಟೋ ತೆಗೆದರು. ಅರವತ್ತರಲ್ಲೂ ಮಂಜು.

ಭಾವಮೈದ ಸ್ಟುಡಿಯೋದ ನೀಲಿ ಪರದೆಯ ಮುಂದೆ ಕೂತು ಅವನ್ನೆಲ್ಲ ನೋಡಿದ. "ಭಾವ, ಇದಕ್ಕೆ ಕೈ ಸಾಕಾಗಲ್ಲ. ಕಾಲು ಬೇಕು, ಮೂರು."

"ಸ್ಟ್ಯಾಂಡೆಲ್ಲ ಮುದುಕರಿಗಪ್ಪ."

"ನಿಮಗೆ ಐವತ್ತೆಂಟು, ಭಾವ."

"ಅದು ನಿಮ್ಮಕ್ಕ ಹೇಳೋ ಲೆಕ್ಕ."

"ಹೋಗ್ಲಿ, ಫ್ಲ್ಯಾಶ್ ಹಾಕಿ. ಸ್ವಲ್ಪ ಅಲುಗಿದ್ರೂ ಗೊತ್ತಾಗಲ್ಲ."

"ಮಲಗಿರೋರ ಮುಖಕ್ಕೆ ಬ್ಯಾಟರಿ ಬಿಡ್ತಾರೇನೋ? ನಿಮ್ಮ ಮನೇಲಿ ಇದೇನಾ ಕಲಿಸಿದ್ದು?"

"ಕಲಿಸಿದ್ದೇ ನಿಮ್ಮ ಹೆಂಡ್ತಿ," ಎಂದು ಭಾವಮೈದ ಮೂರುಕಾಲಿನ ಸ್ಟ್ಯಾಂಡನ್ನು ಅವರ ಕಂಕುಳಿಗೆ ಸಿಕ್ಕಿಸಿಯೇ ಕಳಿಸಿದ.

ಮೂರು ಕಾಲಿಗೂ ಮೂರು ಬುದ್ಧಿ. ಒಂದನ್ನು ಉದ್ದ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಎರಡನ್ನೂ ಸಮಾಧಾನ ಮಾಡುವಷ್ಟರಲ್ಲಿ ಮೂರನೆಯದು ಕುಂಡಕ್ಕೆ ಬಡಿಯುತ್ತಿತ್ತು. ಕೂದಲೆಳೆಯಷ್ಟು ಮುಂದೆ ಹೋಗಬೇಕೆಂದರೂ ಇಡೀ ಸಂಸಾರವನ್ನೇ ಎತ್ತಿಡಬೇಕು. ಎಲ್ಲ ಸರಿಹೋಯಿತು ಅನ್ನುವಾಗ ಬಿಸಿಲು ಬಂತು, ಜೇನುಗಳು ಮೈಮುರಿದು ಒಂದೊಂದಾಗಿ ಕೆಲಸಕ್ಕೆ ಹೊರಟವು. ಮರುದಿನ ಒಂಟಿಕಾಲಿನ ಕೋಲು ತಂದರು. ಮೇಲೆ ಕೆಳಗೆ ಅಲುಗುವುದು ನಿಂತಿತು. ಹಿಂದೆ ಮುಂದೆ ತೂಗುವುದು ಉಳಿಯಿತು. ಬಟಾಣಿ ತುಂಬಿದ ಚೀಲದ ಮೇಲೆ ಕ್ಯಾಮೆರಾ ಇಟ್ಟರೆ ಅದು ಹಾಯಾಗಿ ಕೂತಿತು, ಆದರೆ ಜೇನು ಅದಕ್ಕಿಂತ ಒಂದು ಗೇಣು ಮೇಲೆ ಮಲಗಿತ್ತು. ಶುಕ್ರವಾರ ಕ್ಯಾಮೆರಾದ ತಳಕ್ಕೆ ಹುರಿ ಕಟ್ಟಿ, ಅದರ ತುದಿಯನ್ನು ಪಾದದಡಿ ಮೆಟ್ಟಿ, ಬಿಗಿಯಾಗಿ ಮೇಲಕ್ಕೆಳೆದು ನಿಂತರು. ಕ್ಯಾಮೆರಾ ಅಲ್ಲಾಡಲಿಲ್ಲ. ಗಾಳಿಗೆ ಕಡ್ಡಿ ಅಲ್ಲಾಡಿತು.

ಆ ಸಂಜೆ ಮೇಸ್ತ್ರಿ ಮೇಜಿಗೆ ಕೂತು, ಬಹುಶಃ ಇದೇ ಕೊನೆಯದು ಎಂದುಕೊಂಡು, ಒಬ್ಬ ನಿವೃತ್ತ ಕಂಡಕ್ಟರನ ಒಸಡು ಕೆತ್ತುತ್ತಿದ್ದರು. ಹೆಂಡತಿ ಚಹಾ ತಂದು ಪಕ್ಕದಲ್ಲೇ ನಿಂತಳು. ಲೋಟದ ತುಂಬ ಚಹಾ.

"ಅರ್ಧ ಸಾಕು ಅಂದಿದ್ದೆ."

"ಕೈ ನಡುಗೋದು ನಂಗೊತ್ತು. ಯಾವತ್ತಿನಿಂದ ಅನ್ನೋದೂ ಗೊತ್ತು."

ಮೇಸ್ತ್ರಿಯ ಚಾಕು ನಿಂತಿತು. ಕಂಡಕ್ಟರನ ದವಡೆ ಇಬ್ಬರನ್ನೂ ನೋಡುತ್ತಿತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ. ನೀವು ಜೇನಿನ ಹಿಂದೆ ಹೋದ್ರಿ." ಅವಳು ಮೇಜಿನತ್ತ ಬಗ್ಗಿದಳು. "ಈಗ ಕೆತ್ತಿ ನೋಡೋಣ."

ಕೆತ್ತಿದರು. ಗೆರೆ ನೆಟ್ಟಗೆ ಬಂತು.

"ಈಗಲೂ ನಡುಗ್ತಿದೆ ಕಣ್ರೀ, ಚೆನ್ನಾಗಿ ನೋಡಿ. ಚಾಕು ಹಿಡಿದ ಕೈಯ ಕಿರುಬೆರಳು ಅಚ್ಚಿನ ಮೇಲೇ ಇದೆ. ಅಚ್ಚು ನಿಮ್ಮ ಎಡಗೈಲಿದೆ. ಕೈ ನಡುಗಿದ್ರೆ ಅಚ್ಚೂ ಜೊತೆಗೇ ನಡುಗುತ್ತೆ. ಸ್ಕೂಟರಲ್ಲಿ ನಾನು ನಿಮ್ಮ ಹಿಂದೆ ಕೂತಾಗ ರಸ್ತೆ ಗುಂಡಿಗೆಲ್ಲ ಇಬ್ಬರೂ ಕುಣೀತೀವಿ. ಆದ್ರೂ ನಿಮ್ಮ ಕುತ್ತಿಗೆ ಮೇಲಿರೋ ಮಚ್ಚೆ ನಂಗೆ ಸರಿಯಾಗೇ ಕಾಣುತ್ತೆ."

ಮೇಸ್ತ್ರಿ ತಮ್ಮ ಕಿರುಬೆರಳನ್ನು ಮೊದಲ ಸಲ ಎಂಬಂತೆ ನೋಡಿದರು. ಮೂವತ್ತು ವರ್ಷದಿಂದ ಅದು ಅಲ್ಲೇ ಊರಿಕೊಂಡಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಅದೃಷ್ಟವೆಂದು ತಾವು ಕರೆದದ್ದು ಇದನ್ನೇ. ಸ್ಟ್ಯಾಂಡು, ಕೋಲು, ಚೀಲ, ಹುರಿ, ಎಲ್ಲದರಲ್ಲೂ ಅವರು ಕ್ಯಾಮೆರಾವನ್ನು ನೆಲಕ್ಕೆ ಕಟ್ಟಲು ಹೊರಟಿದ್ದರು. ಕಟ್ಟಬೇಕಾಗಿದ್ದುದು ಜೇನಿಗೆ.

ಶನಿವಾರ ನಸುಕಿನಲ್ಲಿ ಇಬ್ಬರೂ ತಾರಸಿಗೆ ಬಂದರು. ಮೇಸ್ತ್ರಿ ಮಂಡಿಯೂರಿ, ಜೇನಿಗಿಂತ ಎರಡು ಬೆರಳು ಕೆಳಗೆ ಕಡ್ಡಿಯನ್ನು ಎಡಗೈಯ ತೋರುಬೆರಳು ಹೆಬ್ಬೆರಳಿನ ನಡುವೆ ಮೆಲ್ಲಗೆ ಹಿಡಿದರು. ಅದೇ ಮುಷ್ಟಿಯ ಮೇಲೆ ಲೆನ್ಸಿನ ಮೂತಿಯನ್ನು ಊರಿದರು. ಕೈ ನಡುಗಿತು. ಕಡ್ಡಿ ನಡುಗಿತು. ಜೇನು, ಇಬ್ಬನಿ, ಕ್ಯಾಮೆರಾ, ಮೇಸ್ತ್ರಿಯ ಹುಬ್ಬು, ಎಲ್ಲ ಒಂದೇ ತೊಟ್ಟಿಲಿನಲ್ಲಿದ್ದಂತೆ ತೂಗಿದವು. ಕಿಂಡಿಯೊಳಗೆ ಮಾತ್ರ ಯಾವುದೂ ಅಲುಗಲಿಲ್ಲ.

"ಬಂತಾ?" ಹೆಂಡತಿ ಪಿಸುಗುಟ್ಟಿದಳು.

ಮೇಸ್ತ್ರಿ ಕಿಂಡಿಗೆ ಕಣ್ಣನ್ನು ಇನ್ನಷ್ಟು ಒತ್ತಿದರು. ಕಂದುಬಣ್ಣದ ಎರಡು ಪುಟ್ಟ ಕುಡುಗೋಲುಗಳು ದಿಮ್ಮಿಯನ್ನು ಎರಡೂ ಕಡೆಯಿಂದ ತಬ್ಬಿದ್ದವು. ಕುಡುಗೋಲಿನ ಒಳಬದಿಯಲ್ಲಿ ಒಂದು ಸಣ್ಣ ಮೊನೆ, ಹಲ್ಲೆಂದರೆ ಹಲ್ಲೇ. ದಿಮ್ಮಿಯ ಸಿಪ್ಪೆ ಅಲ್ಲಿ ತುಸು ತಗ್ಗಿತ್ತು. ಎಷ್ಟು ಬೇಕೋ ಅಷ್ಟೇ ಒತ್ತು, ಒಂದು ಗುಂಜಿಯೂ ಹೆಚ್ಚಿಲ್ಲ. ಬೆರಳು ಒತ್ತಿತು. ನಿದ್ದೆಯಲ್ಲಿದ್ದವನು ಮೀಸೆಯೊಂದನ್ನು ಕೊಡವಿ ಮತ್ತೆ ಮಲಗಿದ.

ಹತ್ತು ಗಂಟೆಗೆ ಡಾಕ್ಟರಮ್ಮನಿಗೆ ಫೋನು ಮಾಡಿದರು. ಒಪ್ಪಿಕೊಂಡೆ ಎಂದಷ್ಟೇ ಹೇಳಿ ಇಡಬೇಕೆಂದಿದ್ದವರು, ಹೆಂಡತಿಯ ಮುಖ ನೋಡಿ ಮಾತು ಬದಲಿಸಿದರು.

"ಕೆಲಸ ಮಾಡ್ತೀನಿ ಡಾಕ್ಟ್ರೇ. ಆದ್ರೆ ಒಂದು ವಿಷಯ ನಿಮಗೆ ಗೊತ್ತಿರಬೇಕು. ನನ್ನ ಕೈ ನಡುಗುತ್ತೆ. ಕೆಲಸದಲ್ಲಿ ಕಾಣಲ್ಲ, ಕಾಣದ ಹಾಗೆ ಹಿಡಿಯೋದು ಗೊತ್ತಿದೆ. ಕಂಡ ದಿನ ನಾನೇ ಹೇಳ್ತೀನಿ."

ಆ ಕಡೆ ಪುಟ ಮಗುಚುವ ಸದ್ದು ಕೇಳಿಸಿತು.

"ಕೈಯನ್ನ ಒಬ್ಬರು ಡಾಕ್ಟ್ರಿಗೆ ತೋರಿಸಿಕೊಳ್ಳಿ," ಎಂದರು ಡಾಕ್ಟರಮ್ಮ. "ಯಾರು ಅಂತ ನಾನೇ ಹೇಳ್ತೀನಿ. ಸೋಮವಾರ ಮೂರು ಅಚ್ಚು ಕಳಿಸಲಾ, ನಾಲ್ಕಾ?"

"ಮೂರು ಸಾಕು," ಎಂದರು ಮೇಸ್ತ್ರಿ. "ಬೆಳಗಿನ ಹೊತ್ತು ನನಗೆ ಬೇರೆ ಕೆಲಸ ಇರುತ್ತೆ."