ಕೂಲಂಟ್ ಮಾವ

ಮೆಕ್ಯಾನಿಕ್ ಮಾವ ಬೈಕಿನ ಇಂಜಿನ್ ತಂಪಾಗಿಡುವ ದ್ರವ, ಕೂಲಂಟ್, ಬದಲಿಸಲು ಕೂತರೆ ಪಕ್ಕದಂಗಡಿಯ ಟೈಲರ್ ಹೊಲಿಗೆ ನಿಲ್ಲಿಸಿ ಬೆರಗಾಗಿ ನೋಡುತ್ತಾನೆ. "ಇಂಜಿನ್ ತಣ್ಣಗಾಗ್ಲಿ ಕಣಪ್ಪಾ, ಕೋಪದಲ್ಲಿರೋರ ಬಾಯಿ ತೆರೆಸ್ಬಾರ್ದು" ಎಂದು ಎಂಥ ಅವಸರದ ಗಿರಾಕಿಯನ್ನೂ ಮಾವ ಬೆಂಚಿನ ಮೇಲೆ ಕೂರಿಸುತ್ತಾನೆ. ಹಸಿರು ಕೂಲಂಟಿಗೆ ಕೆಂಪು ಕೂಲಂಟ್ ಬೆರೆಸಿದರಾಯಿತು ಎಂದವನಿಗೆ, "ಬಣ್ಣ ನೋಡಿ ಸಂಬಂಧ ಬೆಳೆಸ್ತಾರೇನಯ್ಯಾ?" ಎಂದು ಗದರಿ, ಆ ಬೈಕಿಗೆ ಹೊಂದುವ ಡಬ್ಬಿಯನ್ನೇ ತರುತ್ತಾನೆ. ಕೂಸಿಗೆ ಹಾಲು ಕುಡಿಸಿದಂತೆ ನಿಧಾನವಾಗಿ ಸುರಿದು, ಪೈಪನ್ನು ಮೆಲ್ಲಗೆ ಒತ್ತಿ, ಗುಳ್ಳೆಯೆದ್ದರೆ "ತೇಗಿತು ನೋಡು" ಎಂದು ಹಿಗ್ಗುತ್ತಾನೆ. ಹಳೆಯದನ್ನು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ನೆಲಕ್ಕೆ ಬಿದ್ದ ಒಂದು ಹನಿಯನ್ನೂ ಮಂಡಿಯೂರಿ ಒರೆಸಿ ತೊಳೆಯುತ್ತಾನೆ. "ಒಂದ್ ಹನಿಗೆ ಇಷ್ಟೊಂದಾ ಮಾವ?" ಎಂದು ಗಿರಾಕಿ ನಕ್ಕರೆ, "ಸಿಹಿ ವಿಷ ಕಣಪ್ಪಾ, ನೆಕ್ಕೋರಿಗೆ ಗೊತ್ತಾಗಲ್ಲ" ಎನ್ನುತ್ತಾನೆ. ಟೈಲರ್ ಮಾತ್ರ ನಗುವುದಿಲ್ಲ. ಬಾಗಿಲ ಬಳಿಯ ಬಟ್ಟಲಿಗೆ ಮಾವ ಈಗಲೂ ದಿನಾ ನೀರು ತುಂಬುತ್ತಾನೆ, ಪಕ್ಕದ ಸರಪಳಿಯ ತುದಿಯಲ್ಲಿ ನಾಯಿಯಿಲ್ಲ.